ಬಿಡಾರದಿಂದ ಫ್ಲಾಟಿನವರೆಗೆ



ಬಾಡಿಗೆ ಮನೆ ಎಂದರೆ ಪೇಟೆಯವರ ಮಾತು, ನಮಗೂ ಅದಕ್ಕೂ ಏನು ಸಂಬಂಧ ಎಂದು ಅಗಲ್ಪಾಡಿಯಂಥ ಅಡಿಕೆ ತೋಟದ ಊರಿನವರು ಹೇಳುವುದುಂಟು. ಆದರೆ ಈಗ ನಮ್ಮ ಮಕ್ಕಳು ಕಾಸರಗೋಡಿನ ವಿದ್ಯಾನಗರದಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದಾರೆ. ಅವರು ಮನೆ ಹುಡುಕುವಾಗ ಕಾಣುವ ಜಾಹೀರಾತುಗಳಲ್ಲಿ ಒಂದು ಹೊಸ ಮಾತು ಸೇರಿಕೊಂಡಿದೆ: ‘ಪರಿಸರಸ್ನೇಹಿ ಫ್ಲಾಟು ಬಾಡಿಗೆಗೆ ಇದೆ’. ಏನಿದೆ ಅದರಲ್ಲಿ ಎಂದು ಕೇಳಿದರೆ, ಸಿಮೆಂಟು ಬಳಿಯದ ಕೆಂಪು ಕಲ್ಲಿನ ಗೋಡೆ, ಗಾಳಿ ಆಡುವ ಕಿಟಕಿ, ಮಾಡಿನಿಂದ ಇಳಿದ ಮಳೆನೀರನ್ನು ಹಿಡಿದಿಡುವ ತೊಟ್ಟಿ, ಬಿಸಿಲಿನಿಂದ ವಿದ್ಯುತ್ತು ಮಾಡುವ ಹಲಗೆ, ಅಡುಗೆಮನೆಯ ಕಸ ಗೊಬ್ಬರವಾಗುವ ಡಬ್ಬ. ಕೊನೆಯ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಅಜ್ಜನ ಮನೆಯಲ್ಲಿಯೇ ಇತ್ತಲ್ಲ ಎಂದು ಹಿರಿಯರು ನಗುತ್ತಾರೆ. ನಗುವುದು ಸರಿಯೇ. ಆದರೆ ಯಾರ ಅಜ್ಜನ ಮನೆ ಎಂದು ಕೇಳಿದರೆ ಚರಿತ್ರೆ ಶುರುವಾಗುತ್ತದೆ.

ಮೊದಲು ಎರಡು ಮಾತುಗಳನ್ನು ನೋಡೋಣ. ನಮ್ಮ ಕಡೆ ‘ಬಿಡಾರ’ ಎನ್ನುತ್ತೇವೆ. ಪೇಟೆಯಲ್ಲಿ ಬಾಡಿಗೆಗೆ ಕೂತ ಮೇಷ್ಟ್ರು ‘ಬಿಡಾರ ಮಾಡಿಕೊಂಡಿದ್ದಾರೆ’. ತೋಟದ ಕೆಲಸದವರು ಧಣಿಗಳ ಜಾಗದಲ್ಲಿ ಕಟ್ಟಿಕೊಂಡ ಗುಡಿಸಲೂ ‘ಬಿಡಾರ’ವೇ. ಒಬ್ಬರು ದುಡ್ಡು ಕೊಟ್ಟು ಇದ್ದವರು, ಇನ್ನೊಬ್ಬರು ದುಡಿದು ಇದ್ದವರು. ಇಬ್ಬರ ವಾಸಕ್ಕೂ ಹೆಸರು ಒಂದೇ, ಏಕೆಂದರೆ ಎದ್ದು ಹೋಗು ಎಂದರೆ ಇಬ್ಬರೂ ಹೋಗಬೇಕಾಗಿತ್ತು. ಇನ್ನೊಂದು ಮಾತು ‘ಒಕ್ಕಲು’. ಹೊಸ ಮನೆ ಕಟ್ಟಿ ಹಾಲು ಉಕ್ಕಿಸಿದರೆ ಅದು ‘ಮನೆ ಒಕ್ಕಲು’. ಇನ್ನೊಬ್ಬರ ಭೂಮಿಯಲ್ಲಿ ಗೇಣಿಗೆ ಕೂತವನು ‘ಒಕ್ಕಲು’. ಅವನನ್ನು ಹೊರಗೆ ಹಾಕಿದರೆ ‘ಒಕ್ಕಲೆಬ್ಬಿಸಿದರು’. ಒಂದೇ ಮಾತಿನಲ್ಲಿ ಮನೆಗೆ ಬರುವುದೂ ಮನೆಯಿಂದ ಹೋಗುವುದೂ ಇದೆ.

ಇನ್ನು ಮನೆಯ ಮಾತು. ಕಾಸರಗೋಡಿನ ನೆಲದ ಕೆಳಗಿರುವುದು ಮುರಕಲ್ಲು. 1800-01ರಲ್ಲಿ ಈ ಕಡಲತೀರದಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಅಂಗಾಡಿಪುರದ ಇಂಥದೇ ಕಲ್ಲನ್ನು ಕಂಡು ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಲ್ಲಿರುವಾಗ ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಒದಗುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ, ಸುಡುವ ಕೆಲಸವಿಲ್ಲ. ಬೇಕಲದ ಕೋಟೆ ಎದ್ದದ್ದು ಈ ಕಲ್ಲಿನಲ್ಲಿಯೇ. ಹೀಗೆ ಕಲ್ಲು ಕಾಲ ಕೆಳಗೇ ಇದ್ದರೂ ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರು ಇದ್ದದ್ದು ಮಣ್ಣಿನ ಗೋಡೆಯ ಒಳಗೆ. ಕೆಂಪು ಮಣ್ಣನ್ನು ತುಳಿದು ಹದ ಮಾಡಿ, ವರಸೆ ವರಸೆಯಾಗಿ ಏರಿಸಿ, ಅಡಿಕೆ ಮರದ ಸಲಾಕೆ, ಬಿದಿರು ಹಾಕಿ, ಮೇಲೆ ಗುಡ್ಡದ ಮುಳಿ ಹುಲ್ಲು ಇಲ್ಲವೆ ತೆಂಗಿನ ಮಡಲು ಹೊದೆಸಿದ ಮನೆ. ನೆಲಕ್ಕೆ ಸೆಗಣಿ. ಪತ್ತನಾಜೆಯ ಒಳಗೆ ಮಾಡಿಗೆ ಹೊಸ ಹುಲ್ಲು ಬೀಳದಿದ್ದರೆ ಆ ಮಳೆಗಾಲ ಮನೆಯೊಳಗೇ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಹುಲ್ಲಿನ ಮಾಡು ತಂಪು ಎಂದು ಈಗ ಹೊಗಳುವವರು ವರ್ಷ ವರ್ಷ ಅದನ್ನು ಹೊದೆಸಿದವರ ಬೆನ್ನನ್ನು ಕೇಳುವುದಿಲ್ಲ.

ನೀರಿಗೆ ಸುರಂಗ. ಗುಡ್ಡದ ಮಗ್ಗುಲಿನಲ್ಲಿ, ಒಬ್ಬ ಮನುಷ್ಯ ಬಗ್ಗಿ ಪಿಕ್ಕಾಸು ಬೀಸುವಷ್ಟೇ ಅಗಲದಲ್ಲಿ ಒಳಕ್ಕೆ ಕೊರೆದು, ಕಲ್ಲಿನ ಎಡೆಯಿಂದ ಒಸರುವ ನೀರನ್ನು ತಾನಾಗಿಯೇ ಹರಿದು ಬರುವಂತೆ ಮಾಡುವ ಈ ವಿದ್ಯೆ ನಮ್ಮ ಪರಿಸರದ ಹೆಮ್ಮೆ. ಪಂಪೂ ಬೇಡ, ಕರೆಂಟೂ ಬೇಡ. ದೊಡ್ಡ ಊರುಗಳ ಹಸಿರು ಕಟ್ಟಡದವರು ಇಂಥದೊಂದನ್ನು ಕಂಡುಹಿಡಿದಿದ್ದರೆ ಇಷ್ಟು ಹೊತ್ತಿಗೆ ಅದಕ್ಕೊಂದು ಪ್ರಶಸ್ತಿ ಬರುತ್ತಿತ್ತು.

ಹಂಚಿನ ಕಾಲ ಬಂದದ್ದು ಮಂಗಳೂರಿನಿಂದ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅದರ ಹಿಂದಿದ್ದವರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚು ದೋಣಿಯಲ್ಲಿ ತೀರದುದ್ದಕ್ಕೂ ಹೋಯಿತು. 1907ರಲ್ಲಿ ಮಂಗಳೂರಿನವರೆಗೆ ರೈಲು ಬಂದ ಮೇಲೆ ರೈಲಿನಲ್ಲಿಯೂ ಹೋಯಿತು. ಹಂಚಿನ ಎಡೆಗಳಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಮಳೆ ಇಳಿಜಾರಿನಲ್ಲಿ ಜಾರಿ ಹೋಗುತ್ತದೆ, ಒಡೆದರೆ ಒಂದೇ ಹಂಚು ಬದಲಾಯಿಸಿದರೆ ಸಾಕು. ನಮ್ಮ ಹವೆಗೆ ಇದಕ್ಕಿಂತ ಹೊಂದುವ ಮಾಡು ಬೇರೆ ಸಿಕ್ಕಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಹಂಚಿಗೆ ಪಕ್ಕಾಸು ಬೇಕು, ರೀಪು ಬೇಕು, ಭಾರ ಹೊರುವ ಗೋಡೆ ಬೇಕು. ಅದನ್ನು ಕಟ್ಟುವವನಿಗೆ ನಾಳೆಯೂ ಇಲ್ಲೇ ಇರುತ್ತೇನೆಂಬ ಧೈರ್ಯ ಬೇಕು. ಮುಖ್ಯ ವಿಷಯ ಅದೇ.

ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಭೂಮಿ ರೈತವಾರಿ; ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರನೇ ಯಜಮಾನ. ಅವನ ಕೆಳಗೆ ಮೂಲಗೇಣಿಯವನು, ಚಾಲಗೇಣಿಯವನು. ಮೂಲಗೇಣಿಯವನ ಹಕ್ಕು ಶಾಶ್ವತ, ಗೇಣಿ ನಿಗದಿ. ಚಾಲಗೇಣಿಯವನದ್ದು ವರ್ಷದ ಮಾತು. ಧಣಿಗಳ ಮನಸ್ಸು ಬದಲಾದರೆ ಮುಗಿಯಿತು. ಇವರೆಲ್ಲರ ಕೆಳಗೆ, ಗೇಣಿಚೀಟಿಯೂ ಇಲ್ಲದೆ ಬಿಡಾರದಲ್ಲಿ ಇದ್ದವರು. ಅವರು ಕಲ್ಲಿನ ಗೋಡೆ ಏರಿಸಿದರೆ ಅದು ಬೇರು ಬಿಟ್ಟಂತೆ. ಅದಕ್ಕೆ ಕೈಯಲ್ಲಿ ದುಡ್ಡೂ ಇರಲಿಲ್ಲ, ಧಣಿಗಳ ಒಪ್ಪಿಗೆಯೂ ಸಿಗುತ್ತಿರಲಿಲ್ಲ. ಮಣ್ಣಿನ ಮನೆ ಮಣ್ಣಿಗೆ ಸೇರುತ್ತದೆ, ಗುರುತು ಉಳಿಯುವುದಿಲ್ಲ ಎಂದು ಈಗಿನ ಪರಿಸರವಾದಿಗಳು ಹೊಗಳುವುದನ್ನು ಕೇಳುವಾಗ ನನಗೆ ಇದು ನೆನಪಾಗುತ್ತದೆ. ಗುರುತು ಉಳಿಯಬಾರದೆಂದೇ ಅದನ್ನು ಹಾಗೆ ಕಟ್ಟಿಸಿದ್ದು.

ಗೇಣಿಯ ಸಂಕಟ ಎಲ್ಲಿಗೆ ಮುಟ್ಟಿತು ಎಂಬುದು ಕಯ್ಯೂರಿನಿಂದ ಗೊತ್ತಾಗುತ್ತದೆ. 1941ರ ಮಾರ್ಚಿನಲ್ಲಿ ಅಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿದ ಒಬ್ಬ ಪೊಲೀಸ್ ಪೇದೆ ಹೊಳೆಗೆ ಬಿದ್ದು ಸತ್ತ ಮೇಲೆ ಮೊಕದ್ದಮೆ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ನೀಲೇಶ್ವರದಲ್ಲಿ ಓದಿದ್ದ ನಿರಂಜನರು ಇದನ್ನು ‘ಚಿರಸ್ಮರಣೆ’ ಕಾದಂಬರಿಯಾಗಿ ಬರೆದರು. ಅದೇ ನಿರಂಜನರು ‘ರಂಗಮ್ಮನ ವಠಾರ’ವನ್ನೂ ಬರೆದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದು ಬೆಂಗಳೂರಿನಲ್ಲಿ ಒಂದೇ ಅಂಗಳದ ಸುತ್ತ ಬಾಡಿಗೆಗೆ ಕೂತ ಸಂಸಾರಗಳ ಕಥೆ. ಹಳ್ಳಿಯ ಗೇಣಿ, ಪೇಟೆಯ ಬಾಡಿಗೆ ಎರಡನ್ನೂ ಒಂದೇ ಲೇಖನಿ ಬರೆದದ್ದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆ ನೋವಿನ ಕಥೆ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ. ಆದರೆ ಅದರಿಂದ ಮನೆಯ ವಿಷಯದಲ್ಲಿ ಏನಾಯಿತು ಎಂಬುದು ಅಷ್ಟು ಗೊತ್ತಿಲ್ಲ. 1957ರ ಏಪ್ರಿಲ್ 5ರಂದು ಇ.ಎಂ.ಎಸ್. ಸರಕಾರ ಬಂತು. ಆರು ದಿನಗಳಲ್ಲಿ, ಏಪ್ರಿಲ್ 11ರಂದು, ಯಾರನ್ನೂ ಒಕ್ಕಲೆಬ್ಬಿಸಬಾರದೆಂದು ತಡೆಯುವ ಸುಗ್ರೀವಾಜ್ಞೆ ಹೊರಟಿತು. ಬಳಿಕ ಬಂದ ಭೂಸಂಬಂಧದ ಮಸೂದೆ 1961ರಲ್ಲಿ ಕಾಯಿದೆಯಾಯಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಜಿಲ್ಲೆಯ ಭೂಮಿಯ ವ್ಯಾಜ್ಯ. ಕಾನೂನಿನ ಪುಸ್ತಕಗಳಲ್ಲಿ ಅದು ‘ಕರಿಂಬಿಲ್ ಕುಂಞಿಕೋಮನ್ ಮೊಕದ್ದಮೆ’. 1961ರ ಡಿಸೆಂಬರ್ 5ರಂದು ಬಂದ ತೀರ್ಪಿನಲ್ಲಿ, ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರೈತವಾರಿ ಭೂಮಿಗೆ ಈ ಕಾಯಿದೆ ಸಲ್ಲದು ಎಂದಾಯಿತು. ಕೊಟ್ಟ ಕಾರಣಗಳಲ್ಲಿ ಒಂದು, ನಮ್ಮ ಕೇಳುಗರಿಗೆ ರುಚಿಸುವಂಥದು: ಚಹಾ, ಕಾಫಿ, ರಬ್ಬರಿನ ತೋಟಗಳಿಗೆ ವಿನಾಯಿತಿ ಕೊಟ್ಟು ಅಡಿಕೆ ಮತ್ತು ಕರಿಮೆಣಸಿನ ತೋಟಗಳಿಗೆ ಕೊಡದಿರುವುದು ಭೇದಭಾವ ಎಂದು ನ್ಯಾಯಾಲಯ ಹೇಳಿತು. ತೋಟದವರಿಗೆ ಗೆಲುವು, ಒಕ್ಕಲುಗಳಿಗೆ ಸೋಲು. ಇದನ್ನು ಮೀರಲು ಸಂವಿಧಾನವನ್ನೇ ತಿದ್ದಬೇಕಾಯಿತು. 1964ರ 17ನೇ ತಿದ್ದುಪಡಿಯಿಂದ ರೈತವಾರಿ ಭೂಮಿಯೂ ಸುಧಾರಣೆಯ ಕಾಯಿದೆಗಳ ವ್ಯಾಪ್ತಿಗೆ ಬಂತು.

ಆ ಹೊತ್ತಿಗೆ ಕೇರಳದಲ್ಲಿ 1963ರ ಹೊಸ ಭೂಸುಧಾರಣಾ ಕಾಯಿದೆ ಆಗಿತ್ತು. 1969ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂದು 1970ರ ಜನವರಿ 1ರಿಂದ ಜಾರಿಯಾಯಿತು. ಗೇಣಿ ಎಂಬುದೇ ಅಂದು ಮುಗಿಯಿತು. ಗಡಿಯಾಚೆಯ ಪುತ್ತೂರು, ಸುಳ್ಯಗಳ ಒಕ್ಕಲುಗಳು ಇಂಥ ದಿನಕ್ಕಾಗಿ 1974ರವರೆಗೆ, ದೇವರಾಜ ಅರಸರ ಕಾಯಿದೆಯವರೆಗೆ, ಕಾಯಬೇಕಾಯಿತು. ಆದರೆ ಇಂದು ನಾನು ಹೇಳಹೊರಟದ್ದು ಗದ್ದೆಯ ವಿಷಯವಲ್ಲ, ಮನೆಯ ಅಡಿಯ ನೆಲದ ವಿಷಯ. ಆ ಕಾಯಿದೆಯಲ್ಲಿ ‘ಕುಡಿಕಿಡಪ್ಪು’ ಎಂಬ ಮಲಯಾಳ ಮಾತಿದೆ. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಇರುವುದು ಎಂದು ಅದರ ಸಾರಾಂಶ, ನಮ್ಮ ‘ಬಿಡಾರ’ವೇ. ಹಾಗೆ ಇದ್ದವನಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್, ಸಣ್ಣ ಪುರಸಭೆಯಲ್ಲಿ 5 ಸೆಂಟ್ಸ್, ದೊಡ್ಡ ಪಟ್ಟಣದಲ್ಲಿ 3 ಸೆಂಟ್ಸ್ ಜಾಗವನ್ನು ಮಾರುಕಟ್ಟೆ ಬೆಲೆಯ ಕಾಲಂಶಕ್ಕೆ ಕೊಂಡುಕೊಳ್ಳುವ ಹಕ್ಕು ಬಂತು.

ಗುಡಿಸಲು ಎಂದರೆ ಯಾವುದು? ಕಾಯಿದೆ ಅದಕ್ಕೂ ಅಳತೆ ಕೊಟ್ಟಿತು. ಕಟ್ಟುವಾಗ 750 ರೂಪಾಯಿಗಿಂತ ಹೆಚ್ಚು ಖರ್ಚಾಗದ ಮನೆ, ಇಲ್ಲವೆ ಕಟ್ಟಿದ ಕಾಲದಲ್ಲಿ ಬಾಡಿಗೆಗೆ ಕೊಟ್ಟಿದ್ದರೆ ತಿಂಗಳಿಗೆ 5 ರೂಪಾಯಿಗಿಂತ ಹೆಚ್ಚು ಬರಲಾರದ ಮನೆ. ಈ ಐದು ರೂಪಾಯಿಯನ್ನು ಸ್ವಲ್ಪ ಯೋಚಿಸಿ ನೋಡಿ. ಧಣಿಗಳು ಕಲ್ಲು ಹಾಕಲು ಬಿಡದ ಕಾರಣಕ್ಕೆ ಯಾರ ಮನೆ ಮಣ್ಣಿನದಾಗಿಯೇ ಉಳಿದಿತ್ತೋ, ಅವನ ಮನೆಗೇ ಕಾಯಿದೆಯ ಬಾಗಿಲು ತೆರೆಯಿತು. ಹೇಗೋ ಕಷ್ಟಪಟ್ಟು ಕಲ್ಲಿನ ಗೋಡೆ, ಹಂಚಿನ ಮಾಡು ಮಾಡಿಕೊಂಡಿದ್ದವನು ‘ನಿನ್ನದು ಗುಡಿಸಲಲ್ಲ’ ಎಂಬ ವಾದವನ್ನು ಭೂನ್ಯಾಯಮಂಡಳಿಯ ಮುಂದೆ ಎದುರಿಸಬೇಕಾಯಿತು. ಮುಳಿ ಹುಲ್ಲು ಬಡತನದ ಗುರುತಾಗಿದ್ದದ್ದು ಒಂದೇ ದಿನದಲ್ಲಿ ಹಕ್ಕಿನ ದಾಖಲೆಯಾಯಿತು.

ಇದರ ವಿರುದ್ಧವೂ ವ್ಯಾಜ್ಯ ನಡೆಯಿತು. ಅದು ಹೊರಟದ್ದು ಅಗಲ್ಪಾಡಿಗೆ ದೂರವಲ್ಲದ ಎಡನೀರಿನಿಂದ. ಮಠದ ಭೂಮಿಯ ಪ್ರಶ್ನೆ ಎತ್ತಿ 1970ರ ಮಾರ್ಚಿನಲ್ಲಿ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 13 ನ್ಯಾಯಮೂರ್ತಿಗಳು 68 ದಿನ ವಿಚಾರಣೆ ನಡೆಸಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಾಯಿಸಲಾರದು ಎಂದು ತೀರ್ಪಿತ್ತರು. ಲೋಕದ ಕಾನೂನು ಕಾಲೇಜುಗಳಲ್ಲೆಲ್ಲ ಈ ತೀರ್ಪನ್ನು ಓದುತ್ತಾರೆ. ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ತೀರಿಕೊಂಡಾಗ ದೇಶದ ಪತ್ರಿಕೆಗಳು ಅವರನ್ನು ನೆನೆದದ್ದೂ ಅದಕ್ಕಾಗಿಯೇ. ಆದರೆ ಅದೇ ತೀರ್ಪಿನಲ್ಲಿ ಕೇರಳದ ಭೂಸುಧಾರಣಾ ತಿದ್ದುಪಡಿಗಳಿಗೆ ರಕ್ಷಣೆ ಕೊಟ್ಟ ಸಂವಿಧಾನದ 29ನೇ ತಿದ್ದುಪಡಿ ಊರ್ಜಿತವಾಯಿತು. ಸಂವಿಧಾನ ಉಳಿಯಿತು, ಮಠದ ಗೇಣಿಭೂಮಿ ಉಳಿಯಲಿಲ್ಲ, ಬಿಡಾರದವನ ಹತ್ತು ಸೆಂಟ್ಸ್ ಉಳಿಯಿತು. ನಮ್ಮ ಊರಿನ ಶಾಲೆಗಳಲ್ಲಿ ಈ ಮೂರನ್ನೂ ಜೊತೆಯಲ್ಲಿ ಕಲಿಸಬೇಕು.

ಜಾಗವೇ ಇಲ್ಲದವರಿಗೆ 1972ರಲ್ಲಿ ಅಚ್ಯುತ ಮೇನೋನ್ ಸರಕಾರದ ವಸತಿ ಸಚಿವ ಎಂ.ಎನ್. ಗೋವಿಂದನ್ ನಾಯರ್ ಅವರು ‘ಲಕ್ಷಂವೀಡು’ ಯೋಜನೆ ತಂದರು. ನಡುಗೋಡೆ ಒಂದೇ, ಆಚೆ ಈಚೆ ಎರಡು ಸಂಸಾರ. ಅಂಥ ಕಾಲೊನಿಗಳನ್ನು ನೀವೂ ಕಂಡಿರುತ್ತೀರಿ. ನೆರೆಯವನೊಂದಿಗೆ ಗೋಡೆ ಹಂಚಿಕೊಂಡು ಬಾಳುವುದು ಫ್ಲಾಟಿನವರು ಕಲಿಸಿದ ಪಾಠ ಎನ್ನುವವರು ಅಲ್ಲಿಗೊಮ್ಮೆ ಹೋಗಿ ಬರಬಹುದು.

ಪೇಟೆಯ ಬಾಡಿಗೆಗೆ ಬೇರೆಯೇ ಕಾನೂನಿನ ದಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರೂರಿಂದ ಜನ ಪೇಟೆಗೆ ಬಂದು ಮನೆ ಸಿಗದೆ ಬಾಡಿಗೆ ಏರಿದಾಗ ಮದ್ರಾಸ್ ಸರಕಾರ 1941ರಲ್ಲಿ ಬಾಡಿಗೆ ನಿಯಂತ್ರಣದ ಆಜ್ಞೆ ಹೊರಡಿಸಿತು. ತಾತ್ಕಾಲಿಕವೆಂದು ಬಂದದ್ದು ಹಾಗೆಯೇ ಉಳಿದು, ಕೇರಳದಲ್ಲಿ 1965ರ ಕಟ್ಟಡ ಬಾಡಿಗೆ ಕಾಯಿದೆಯಾಯಿತು, ಮೈಸೂರಿನಲ್ಲಿ 1961ರ ಕಾಯಿದೆಯಾಯಿತು. ಕಾರಣವಿಲ್ಲದೆ ಎಬ್ಬಿಸಬಾರದು, ನ್ಯಾಯವಾದ ಬಾಡಿಗೆ ಇಷ್ಟೇ ಎಂದು ನಿಗದಿ ಮಾಡಿಸಬಹುದು ಎಂದು ಇವು ಹೇಳಿದವು. ಆದರೆ ಬಿಡಾರದವನಿಗೆ ಸಿಕ್ಕಿದಂತೆ ಕೊಂಡುಕೊಳ್ಳುವ ಹಕ್ಕು ಪೇಟೆಯ ಬಾಡಿಗೆದಾರನಿಗೆ ಎಂದೂ ಸಿಗಲಿಲ್ಲ. ಸಿಗಬೇಕೆಂದು ನಾನೂ ಹೇಳುವುದಿಲ್ಲ. ಕಾನೂನಿಗೆ ಹೆದರಿದ ಮನೆ ಯಜಮಾನರು ಹನ್ನೊಂದು ತಿಂಗಳ ಕರಾರಿಗೆ ಅಂಟಿಕೊಂಡರು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಬೇಕು. ಹನ್ನೊಂದಕ್ಕೆ ನಿಲ್ಲಿಸಿದರೆ ಆ ತಾಪತ್ರಯವಿಲ್ಲ. ಚಾಲಗೇಣಿ ಹನ್ನೆರಡು ತಿಂಗಳಿನದ್ದಾಗಿತ್ತು. ಫ್ಲಾಟಿನದ್ದು ಹನ್ನೊಂದು!

1970ರ ದಶಕದಿಂದ ಗಲ್ಫಿನ ದುಡ್ಡು ಬಂತು, ತಾರಸಿ ಮನೆಗಳು ಬಂದವು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ವಿದ್ಯಾನಗರದಲ್ಲಿ ಕಚೇರಿಗಳು ಬಂದವು, ಕಚೇರಿಯವರಿಗೆ ಮನೆ ಬೇಕಾಯಿತು. ತೆಂಗಿನ ತೋಟದ ಮೂಲೆಯಲ್ಲಿ ಸಾಲು ಮನೆ ಎದ್ದಿತು. ಯಾವ ಸರಕಾರಿ ನೌಕರನೂ ಇಲ್ಲದಿದ್ದರೂ ಅದಕ್ಕೆ ನಮ್ಮಲ್ಲಿ ‘ಕ್ವಾರ್ಟರ್ಸ್’ ಎಂದೇ ಹೆಸರು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂದ ಮೇಲೆ ದೂರದ ಊರುಗಳ ಬಾಡಿಗೆದಾರರೂ ಬಂದರು. ಈಗ ಹೆದ್ದಾರಿ ಆರು ಸಾಲಿನದಾಗಿ ಅಗಲವಾಗುತ್ತ ಹಳೆಯ ಹಂಚಿನ ಅಂಗಡಿ, ಮನೆಗಳು ಹೋಗಿ, ಹಿಂದಿನ ಓಣಿಗಳೇ ಮುಂದಿನ ಬೀದಿಗಳಾಗಿವೆ.

ಕಾಂಕ್ರೀಟಿನ ಚಪ್ಪಟೆ ಮಾಡು ನಮ್ಮ ಮಳೆಗೆ ಸೋರಿತು, ಬಿಸಿಲಿಗೆ ಕಾಯಿತು. ತಾರಸಿಯ ಮೇಲೆ ಮತ್ತೆ ಕಬ್ಬಿಣದ ಶೀಟಿನ ಇಳಿಜಾರು ಮಾಡು ಹಾಕದ ಮನೆ ಈಗ ನಮ್ಮ ಕಡೆ ಅಪರೂಪ. ಅಡಿಕೆ ಒಣಗಿಸಲು ಅನುಕೂಲ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ಈ ತಪ್ಪನ್ನು ಬೇಗನೆ ಕಂಡವರು ಇದ್ದರು. 1945ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಲಾರಿ ಬೇಕರ್ ಅವರು, ಒಳ್ಳೆಯ ಮನೆಯ ಸಾಮಗ್ರಿ ಐದು ಮೈಲಿ ಸುತ್ತಳತೆಯಲ್ಲಿ ಸಿಗಬೇಕು ಎಂದು ಗಾಂಧೀಜಿ ತನಗೆ ಹೇಳಿದ್ದರೆಂದು ನೆನೆಯುತ್ತಿದ್ದರು. ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಳ್ಳುವವರೆಗೆ ಅದನ್ನೇ ಮಾಡಿ ತೋರಿಸಿದರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟರೆ ಸುಮಾರು ಕಾಲಂಶ ಇಟ್ಟಿಗೆ ಉಳಿಯುತ್ತದೆ, ಗೋಡೆಯೂ ತಂಪು. ಕಾಂಕ್ರೀಟಿನ ಚಪ್ಪಡಿಯೊಳಗೆ, ಭಾರ ಹೊರದ ಜಾಗದಲ್ಲಿ, ಹಳೆಯ ಮಂಗಳೂರು ಹಂಚನ್ನೇ ತುಂಬಿದರೆ ಸಿಮೆಂಟು ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನು ಬೆಳೆಸಿದರು. ಇವರೆಲ್ಲರ ಕಣ್ಣು ಬಡವರ ಮನೆಯ ಮೇಲಿತ್ತು. ಆದರೆ ಬಡವನು ಸಿಮೆಂಟನ್ನೇ ಬಯಸಿದ. ಅವನಿಗೆ ಮಣ್ಣು ಎಂದರೆ ಬಿಡಾರ, ಸಿಮೆಂಟು ಎಂದರೆ ಮನೆ. ಅವನನ್ನು ಯಾರು ತಪ್ಪೆನ್ನಬಲ್ಲರು? ಆ ಗೋಡೆಗಳನ್ನು ಕೊನೆಗೆ ಮೆಚ್ಚಿ ಕೊಂಡವರು ಉಳ್ಳವರು.

2003ರಲ್ಲಿ ಹೈದರಾಬಾದಿನ ಒಂದು ಕಟ್ಟಡಕ್ಕೆ ಅಮೆರಿಕೆಯ ಹಸಿರು ಕಟ್ಟಡದ ಅತ್ಯುನ್ನತ ದರ್ಜೆ ಸಿಕ್ಕಿತು. 2007ರಲ್ಲಿ ನಮ್ಮ ದೇಶದ್ದೇ ‘ಗೃಹ’ ಎಂಬ ಅಳತೆಗೋಲು ಬಂತು. 2004ರಿಂದ ಕೇರಳದಲ್ಲಿ, 2009ರಿಂದ ಬೆಂಗಳೂರಿನಲ್ಲಿ ಹೊಸ ಕಟ್ಟಡಗಳಿಗೆ ಮಳೆನೀರ ಕೊಯ್ಲು ಕಡ್ಡಾಯವಾಯಿತು. ಜಾಹೀರಾತಿನ ‘ಪರಿಸರಸ್ನೇಹಿ’ ಎಂಬ ಮಾತು ಹುಟ್ಟಿದ್ದು ಈ ದಾರಿಯಲ್ಲಿ. ಅದರಲ್ಲಿ ನಿಜವೂ ಇದೆ, ಬಣ್ಣವೂ ಇದೆ. ಒಂದು ಟನ್ ಸಿಮೆಂಟು ತಯಾರಾಗುವಾಗ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲಾಮ್ಲ ಗಾಳಿಗೆ ಸೇರುತ್ತದೆ, ಆದ್ದರಿಂದ ಸಿಮೆಂಟು ಕಡಿಮೆಯಾದಷ್ಟೂ ಲಾಭ. ಆದರೆ ಬಳಿಯದ ಕೆಂಪು ಕಲ್ಲಿನ ಗೋಡೆ ಚಂದ ಎಂದು ಎಲ್ಲರೂ ಹೊರಟರೆ, ಯಂತ್ರದ ಗರಗಸ ಹಿಡಿದು ಗುಡ್ಡಗಳನ್ನೇ ಕಡಿಯುವ ಕೋರೆಗಳು ಇನ್ನಷ್ಟು ಏಳುತ್ತವೆ. ಗುಡ್ಡದ ನೆತ್ತಿಯ ಪಳ್ಳಗಳು ಹೋದರೆ ಕೆಳಗಿನ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು? ಪೇಟೆಯ ಒಂದು ಹಸಿರು ಗೋಡೆಗೆ ಹಳ್ಳಿಯ ಒಂದು ಒಸರು ಬತ್ತಬಾರದು.

ಬಾಡಿಗೆದಾರನ ಕಡೆಯಿಂದಲೂ ನೋಡಬೇಕು. ಸೌರಹಲಗೆ ಹಾಕುವ ಖರ್ಚು ಯಜಮಾನನದ್ದು, ಕರೆಂಟಿನ ಬಿಲ್ಲು ಇಳಿಯುವ ಲಾಭ ಬಾಡಿಗೆದಾರನದ್ದು. ಹಾಗಾಗಿ ಯಜಮಾನನಿಗೆ ಹಾಕಲು ಮನಸ್ಸಿಲ್ಲ. ಹಾಕಿದರೆ ಅದನ್ನು ಬಾಡಿಗೆಯಲ್ಲಿ ಸೇರಿಸುತ್ತಾನೆ. ಹನ್ನೊಂದು ತಿಂಗಳಿಗೆ ಬಂದವನು ಒಂದು ಕರಿಬೇವಿನ ಗಿಡ ನೆಡಲೂ ಯೋಚಿಸುತ್ತಾನೆ. ಬಿಡಾರದಲ್ಲಿ ತೆಂಗಿನ ಸಸಿ ಇಡಲು ಹೆದರಿದವನ ಕಥೆಯೇ ಇದು, ಬೇರೆ ಅಂತಸ್ತಿನಲ್ಲಿ. 2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದು ಎಂದಿದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ. ಬೆಂಗಳೂರಿನಲ್ಲಿ ಮುಂಗಡ ಕೊಟ್ಟವರು ಈ ಮಾತಿಗೆ ನಗಬಹುದು.

ನಮ್ಮವರಿಗೆ ಇನ್ನೂ ಒಂದು ತೊಡಕಿದೆ. ಕಾಸರಗೋಡು ಪೇಟೆಯಲ್ಲಿ ಕರಾರುಪತ್ರ ಮಲಯಾಳದಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಇರುತ್ತದೆ. ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳದ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ, ಆದರೆ ಖಾಸಗಿ ಕರಾರಿಗೆ ಅದು ಅನ್ವಯಿಸುವುದಿಲ್ಲ. ರುಜು ಹಾಕುವ ಮೊದಲು ಓದಿಸಿ ಕೇಳಿ; ನೀರು, ವಿದ್ಯುತ್ತು, ದುರಸ್ತಿ ಯಾರ ಲೆಕ್ಕಕ್ಕೆ ಎಂಬುದನ್ನು ಬರೆಯಿಸಿಕೊಳ್ಳಿ. ಮಳೆನೀರಿನ ತೊಟ್ಟಿ ಇದೆ ಎಂದರೆ ಮುಚ್ಚಳ ತೆಗೆಸಿ ನೋಡಿ, ಹಿಂದಿನ ವರ್ಷದ ಕರೆಂಟಿನ ಬಿಲ್ಲು ಕೇಳಿ. ಹಸಿರು ಮನೆ ಹೌದೋ ಅಲ್ಲವೋ ಎಂದು ಆ ಬಿಲ್ಲೇ ಹೇಳುತ್ತದೆ.

ಅಂದು ಹತ್ತು ಸೆಂಟ್ಸಿಗೆ ಪಟ್ಟಯ ಪಡೆದವರ ಮಕ್ಕಳು, ಮೊಮ್ಮಕ್ಕಳು ಈಗ ಅದೇ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಬದಿಯಡ್ಕದ ಕಡೆ, ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದ ಬಳಿಕ ಅವರಲ್ಲಿಯೂ ಕೆಲವರು ಮೇಲಂತಸ್ತು ಏರಿಸಿದರು. ಹೊರಗಿನಿಂದ ಒಂದು ಮೆಟ್ಟಿಲು, ಬೇರೆಯೇ ಒಂದು ಮೀಟರು, ಗೇಟಿನಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ.